ಪಿಸಿ ಕಥೆ, ಭಾಗ 4: ತಪ್ಪು ರ‍್ಯಾಮ್‌ದಲ್ಲ

ಈ ಭಾಗ ಹಾಕೋಕೆ ಎರಡು ವಾರ ತಗೊಂಡೆ. ಯಾಕಂದ್ರೆ ಇದರಲ್ಲಿ ನಾನು ಹೀರೋ ಅಲ್ಲ.

ಹೊಸಬರಿಗೆ: ಅಮ್ಮ ಚೀಟಿ ಎತ್ತಿದ ದುಡ್ಡಲ್ಲಿ ಬೆಂಗಳೂರಿನ ಎಸ್.ಪಿ. ರೋಡಿಂದ ಒಂದೊಂದೇ ಪಾರ್ಟ್ ತಂದು ಪಿಸಿ ಕಟ್ಟಿದೆ. ಕ್ಯಾಬಿನೆಟ್ ತೊಡೆ ಮೇಲೆ ಇಟ್ಕೊಂಡು ರೈಲಲ್ಲಿ ಟೇಕಲ್‌ಗೆ ಬಂದ ಕಥೆ ಭಾಗ 1ರಲ್ಲಿದೆ. ರ‍್ಯಾಮ್ ಮಾತ್ರ ಸೆಕೆಂಡ್ ಹ್ಯಾಂಡ್, ನಮ್ಮ ಕ್ಲಾಸಿನ ಗೆಳೆಯನದ್ದು.

ಮೂರನೇ ದಿನದಿಂದ ಪಿಸಿ ತಾನಾಗೇ ರೀಸ್ಟಾರ್ಟ್. ಟ್ಯಾಲಿಯಲ್ಲಿ ಎಂಟ್ರಿ ಹಾಕ್ತಿದ್ರೂ ಢಬ್, ಗೇಮ್ ಆಡ್ತಿದ್ರೂ ಢಬ್. ಅಮ್ಮ ಏನೂ ಬೈಲಿಲ್ಲ, ಸುಮ್ಮನೆ ನೋಡಿ ಒಳಗೆ ಹೋದ್ರು. ಅದೇ ಜಾಸ್ತಿ ಚುಚ್ಚಿತು. ನೆಟ್ಟಲ್ಲಿ ಹುಡುಕಿದ್ರೆ "ರ‍್ಯಾಮ್ ಕೆಟ್ಟಿರಬಹುದು" ಅಂತ ಬಂತು. ನಂಗೆ ಅಷ್ಟೇ ಸಾಕಾಯ್ತು. ಕ್ಲಾಸ್ ಗ್ರೂಪಲ್ಲಿ ಎಲ್ಲರ ಮುಂದೆ ಹಾಕಿದೆ: "ಕೆಟ್ಟಿದೆ ಅಂತ ಗೊತ್ತಿದ್ದೇ ಕೊಟ್ಟೆ ಅಲ್ವಾ?"

ಅವನು ಜಗಳ ಆಡಲಿಲ್ಲ. "ದುಡ್ಡು ವಾಪಸ್ ಕೊಡ್ತೀನಿ, ಒಂದ್ಸಲ ಟೆಸ್ಟ್ ಮಾಡಿ ನೋಡು" ಅಂದ. ಮೆಮ್‌ಟೆಸ್ಟ್ ರಾತ್ರಿಯಿಡೀ ಓಡಿಸಿದೆ. ನಾಲ್ಕು ರೌಂಡ್, ಎರರ್ ಸೊನ್ನೆ. ಆದ್ರೂ ನಾನು ಒಪ್ಪಲಿಲ್ಲ.

ಆಮೇಲೆ ವಿಂಡೋಸಿನ ಈವೆಂಟ್ ವ್ಯೂವರ್ ತೆಗೆದೆ. ಪ್ರತಿ ಸಲ ಒಂದೇ ಸಾಲು: ಕರ್ನಲ್ ಪವರ್ 41. ಪಿಸಿ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿದೆ ಅಂತಷ್ಟೇ ಇದರ ಅರ್ಥ, ಯಾಕೆ ಅಂತ ಹೇಳಲ್ಲ. ಆದ್ರೆ ಒಳಗೆ ಬಗ್‌ಚೆಕ್ ಕೋಡ್ 0 ಇತ್ತು, ನೀಲಿ ಸ್ಕ್ರೀನೂ ಬಂದಿರಲಿಲ್ಲ. ಅಂದ್ರೆ ವಿಂಡೋಸಿಗೆ ಎರರ್ ಬರೆದಿಡೋಕೂ ಟೈಮ್ ಸಿಕ್ಕಿಲ್ಲ. ಹೀಗಾದಾಗ ಮೊದಲು ಕರೆಂಟ್ ಕಡೆ ನೋಡಬೇಕು.

ಟ್ರಯಲ್ ಬ್ಯಾಲೆನ್ಸ್ ಸೇರದಿದ್ರೆ ನಾವು ಏನ್ ಮಾಡ್ತೀವಿ? ವ್ಯತ್ಯಾಸನ ಸಸ್ಪೆನ್ಸ್ ಅಕೌಂಟಿಗೆ ಹಾಕಿ ಒಂದೊಂದೇ ಎಂಟ್ರಿ ನೋಡ್ತೀವಿ. ತಪ್ಪು ಸಿಗೋವರೆಗೆ ಯಾರ ಹೆಸರಿಗೂ ಬರೆಯಲ್ಲ. ನಾನು ನೇರ ಗೆಳೆಯನ ಹೆಸರಿಗೇ ಡೆಬಿಟ್ ಮಾಡಿಬಿಟ್ಟಿದ್ದೆ.

ಹಳೇ ನೋಟ್‌ಬುಕ್ಕಲ್ಲಿ ಕ್ರ್ಯಾಶ್ ಆದ ಟೈಮ್ ಬರೀತಾ ಹೋದೆ. ಐದು ದಿನ, 14 ಕ್ರ್ಯಾಶ್. ರಾತ್ರಿ ಒಂದೂ ಇಲ್ಲ. ಎಲ್ಲಾ ಹಗಲು ತ್ರೀ ಫೇಸ್ ಇದ್ದಾಗಲೇ.

ನಮ್ಮದು ಊರಾಚೆ ತೋಟದ ಮನೆ, ಪಂಪ್‌ಸೆಟ್ ಲೈನಲ್ಲೇ ಕರೆಂಟ್. ಕೋಲಾರ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯೋ ನದಿ ಇಲ್ಲ, ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿವೆ. ಅಷ್ಟು ಆಳಕ್ಕೆ ದೊಡ್ಡ ಮೋಟರೇ ಬೇಕು. ತ್ರೀ ಫೇಸ್ ಬಂದ ತಕ್ಷಣ ಆಟೋ ಸ್ಟಾರ್ಟರ್ ಇರೋವೆಲ್ಲಾ ಒಟ್ಟಿಗೆ ಎದ್ದೇಳ್ತವೆ, ವೋಲ್ಟೇಜ್ ಬೀಳುತ್ತೆ. ವೈರಿಂಗ್ ಕೆಲಸ ಮಾಡೋ ಮಾವನ್ನ ಕರೆದು ಅಳೆಸಿದೆ. 230 ಇರಬೇಕಾದ ಕಡೆ 162. ನನ್ನ ಎಸ್‌ಎಂಪಿಎಸ್ ಸ್ಟಿಕ್ಕರ್ ಮೇಲೆ 180ರಿಂದ 264 ವೋಲ್ಟ್ ಅಂತ ಸ್ಪಷ್ಟವಾಗಿ ಬರೆದಿತ್ತು. ದುಡ್ಡು ಉಳಿಸೋಕೆ ಅದನ್ನ ಆರಿಸಿದ್ದು ನಾನೇ, ಓದದೆ ಇದ್ದಿದ್ದೂ ನಾನೇ.

ಖಚಿತ ಮಾಡ್ಕೋಬೇಕಲ್ಲ? ಬೇರೆ ಲೈನಲ್ಲಿರೋ ಮನೆ ಬೇಕಿತ್ತು. ಸ್ಟೇಷನ್ ಹತ್ರ ಗೊತ್ತಿರೋದು ಒಂದೇ ಮನೆ, ಅವನದ್ದು. ಬೈಕಲ್ಲಿ ಪಿಸಿ ಕಟ್ಕೊಂಡು ಹೋಗಿ ಬಾಗಿಲಲ್ಲಿ ನಿಂತೆ. ಅವರಮ್ಮ "ಊಟ ಆಯ್ತೇನಪ್ಪ?" ಅಂದ್ರು. ನಂಗೆ ಮಾತೇ ಬರಲಿಲ್ಲ. ಅದೇ ರ‍್ಯಾಮ್, ಅದೇ ಎಸ್‌ಎಂಪಿಎಸ್, ಎರಡು ದಿನ ಒಂದ್ಸಲಾನೂ ಆಫ್ ಆಗಲಿಲ್ಲ.

ಈಗ 100ರಿಂದ 240 ವೋಲ್ಟ್ ತಡೆಯೋ ಎಸ್‌ಎಂಪಿಎಸ್ ಹಾಕಿದ್ದೀನಿ. ಮೂರು ವಾರ ಆಯ್ತು, ಕ್ರ್ಯಾಶ್ ಇಲ್ಲ.

ನಿಮ್ಮ ಪಿಸಿಗೂ ಹೀಗಾದ್ರೆ: ಕ್ರ್ಯಾಶ್ ಆದ ಟೈಮ್ ಬರೆದಿಡಿ. ಒಂದು ಸಲಕ್ಕೆ ಒಂದೇ ಬದಲಾಯಿಸಿ. ಸ್ಟಿಕ್ಕರ್ ಓದಿ. ಸಾಕೆಟ್ ಅಳೆಯೋಕೆ ಗೊತ್ತಿರೋರನ್ನೇ ಕರೀರಿ.

ಕೊನೇದು. ಆರೋಪ ಮಾಡಿದ್ದು ಎಲ್ಲರ ಮುಂದೆ, ಸಾರಿ ಕೇಳಿದ್ದು ಮಾತ್ರ ಡಿಎಂನಲ್ಲಿ. ಆ ಲೆಕ್ಕ ಸೇರಲ್ಲ. ಅದಕ್ಕೇ ಇಲ್ಲಿ ಬರೀತಿದ್ದೀನಿ: ರ‍್ಯಾಮ್ ಚೆನ್ನಾಗಿತ್ತು. ತಪ್ಪು ನಂದು. ಸಾರಿ ಮಗಾ.

#ಪಿಸಿಕಥೆ #ಟೇಕಲ್ #ಬಿಕಾಂಲೈಫ್