ಬಾಗಿಲು ಕಾಯ್ದವರು

ಬೀದರ ಕೋಟೆಯ ಗುಂಬದ್ ದರವಾಜೆಯನ್ನು ಹೊಗುವವರು ಬಹಮನಿ ಅರಸರನ್ನು ನೆನೆಯುವರೇ ಹೊರತು, ಅಲ್ಲಿ ರಾತ್ರಿಯೆಲ್ಲ ನಿಂತು ಕಾದವರನ್ನು ನೆನೆಯುವುದು ವಿರಳ. ಹಾಕಿ ಆಟದ ಗೋಲ್‌ಕೀಪರನ ಪಾಡೂ ಅಂತಹುದೇ ಸರಿ. ಹೊಡೆದ ಗೋಲು ಲೆಕ್ಕಕ್ಕೆ ಸೇರುವುದು. ತಡೆದ ಗೋಲಿಗೆ ಲೆಕ್ಕವಿಲ್ಲ.

ಮ್ಯಾನುಯೆಲ್ ಫ್ರೆಡರಿಕ್ ಅವರು 1947ರಲ್ಲಿ ಕಣ್ಣೂರಿನಲ್ಲಿ ಜನಿಸಿದರು. ಎಳೆಯ ವಯಸ್ಸಿನಲ್ಲಿಯೇ ಸೇನೆಯನ್ನು ಸೇರಿ, ಬೆಂಗಳೂರಿನ ಆರ್ಮಿ ಸರ್ವಿಸ್ ಕೋರ್ ತಂಡದಲ್ಲಿ ಆಡಿ ಪಳಗಿದರು. ಮುಖಕ್ಕೆ ಕವಚವಿಲ್ಲದ ಕಾಲವದು. ಕಲ್ಲಿನಂತಹ ಚೆಂಡು ಹಣೆಯ ನೇರಕ್ಕೇ ಬಂದರೂ ಕದಲದೆ ನಿಲ್ಲುವುದೇ ಅವರ ವಿದ್ಯೆಯಾಗಿತ್ತು. 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಭಾರತವು ಹಾಲೆಂಡನ್ನು 2-1ರಿಂದ ಸೋಲಿಸಿ ಕಂಚನ್ನು ಗೆದ್ದಾಗ ಅವರು ಆ ತಂಡದಲ್ಲಿದ್ದರು.

ಜೊತೆಗಾರರಲ್ಲಿ ಹಲವರಿಗೆ ಅರ್ಜುನ ಪ್ರಶಸ್ತಿ ಸಂದಿತು, ಇವರಿಗೆ ಸಲ್ಲಲಿಲ್ಲ. ಬೆಂಗಳೂರಿನಲ್ಲಿಯೇ ನೆಲೆಸಿ, ಹುಡುಗರಿಗೆ ಆಟವನ್ನು ಕಲಿಸುತ್ತ ಬಾಳಿದರು. ಧ್ಯಾನ್‌ಚಂದ್ ಪ್ರಶಸ್ತಿಯು ಬಂದುದು 2019ರಲ್ಲಿ, ಪದಕ ಗೆದ್ದ 47 ವರ್ಷಗಳ ಮೇಲೆ. ಕೇರಳದಲ್ಲಿ ಹುಟ್ಟಿದ ಇನ್ನೊಬ್ಬರಿಗೆ ಒಲಿಂಪಿಕ್ ಪದಕವು ದೊರೆತುದು 2021ರಲ್ಲಿ. ಆ ಶ್ರೀಜೇಶರೂ ಗೋಲು ಕಾಯುತ್ತಿದ್ದವರೇ.

2025ರ ಅಕ್ಟೋಬರ್ 31ರಂದು ಫ್ರೆಡರಿಕ್ ಬೆಂಗಳೂರಿನಲ್ಲಿ ತೀರಿಕೊಂಡರು. ಕೇಡನ್ನು ಬಾಗಿಲಲ್ಲಿಯೇ ತಡೆದವನ ಕೆಲಸಕ್ಕೆ ಕುರುಹು ಉಳಿಯದು. ಕೇಡು ಒಳಗೆ ಬರಲಿಲ್ಲವೆಂಬುದೊಂದೇ ಅದಕ್ಕೆ ಸಾಕ್ಷಿ. ಆ ಸಾಕ್ಷಿಯನ್ನು ಕಾಣುವುದಕ್ಕೆ ನಮಗೆ ಅರ್ಧ ಶತಮಾನ ಬೇಕಾಗಬಾರದಿತ್ತು.