ಅಕ್ಕಯ್ಯನ ಹಾಡಿಗೆ ತಿದ್ದುಪಡಿ

ಮೂವತ್ತಮೂರು ವರ್ಷಗಳ ಕಾಲ ಹುಡುಗರ ಉತ್ತರಪತ್ರಿಕೆಗಳನ್ನು ಕೆಂಪು ಮಸಿಯಿಂದ ತಿದ್ದಿದವನಿಗೆ ತಿದ್ದುವ ಕೆಲಸದಲ್ಲಿಯೇ ಒಂದು ಬಗೆಯ ಮಮತೆ ಬೆಳೆದುಬಿಡುತ್ತದೆ. ನಿವೃತ್ತನಾದ ಮೇಲೂ ಕೈ ಸುಮ್ಮನಿರದು. ಮದುವೆಯ ಕರೆಯೋಲೆ ಬಂದರೆ ವಧೂವರರ ಹೆಸರಿಗಿಂತ ಮೊದಲು ಅದರಲ್ಲಿನ ಕಾಗುಣಿತದ ತಪ್ಪೇ ಕಣ್ಣಿಗೆ ಬೀಳುತ್ತದೆ. ಇಂತಹ ನಾನು ಈಚೆಗೆ ಒಂದು ತಿದ್ದುಪಡಿಯ ಮುಂದೆ ಕೈಕಟ್ಟಿ ಕುಳಿತುಕೊಳ್ಳಬೇಕಾಗಿ ಬಂದ ಪ್ರಸಂಗವನ್ನು ವಾಚಕರಲ್ಲಿ ಅರಿಕೆಮಾಡಿಕೊಳ್ಳಬೇಕೆಂದಿದ್ದೇನೆ. ಅದು ಬರೆಹದ ತಿದ್ದುಪಡಿಯಲ್ಲ, ಕಂಠದ ತಿದ್ದುಪಡಿ.

ಕಳೆದ ಮಳೆಗಾಲದಲ್ಲಿ ಬೀರುವನ್ನು ಶುಚಿಮಾಡುತ್ತಿದ್ದಾಗ ಹಳೆಯ ಕ್ಯಾಸೆಟ್ಟೊಂದು ದೊರೆಯಿತು. 1986ರಲ್ಲಿ, ನಾನು ಇನ್ನೂ ಓದುತ್ತಿದ್ದ ಕಾಲದಲ್ಲಿ, ಗೆಳೆಯನೊಬ್ಬನಿಂದ ಟೇಪ್ ರೆಕಾರ್ಡರನ್ನು ಎರವು ತಂದು, ಬಾಣಂತನಕ್ಕೆ ತೌರಿಗೆ ಬಂದಿದ್ದ ಅಕ್ಕಯ್ಯನ ಹಾಡನ್ನು ಅದರಲ್ಲಿ ಹಿಡಿದಿಟ್ಟಿದ್ದೆನು. ನಡುಮನೆಯ ತೊಲೆಗೆ ಕಟ್ಟಿದ್ದ ತೊಟ್ಟಿಲನ್ನು ತೂಗುತ್ತ ಆಕೆ ತೋಡಿ ರಾಗದಲ್ಲಿ ಒಂದು ದೇವರನಾಮವನ್ನು ಹಾಡುತ್ತಿದ್ದಳು. ಹೊರಗೆ ಮಳೆ, ಜಗಲಿಯಲ್ಲಿ ನಮ್ಮ ತಂದೆಯವರು. ಅವರು ಸಂಗೀತವನ್ನು ಬಲ್ಲವರು, ಮಾತಿನಲ್ಲಿ ಬಹು ಜಿಪುಣರು. ಮಕ್ಕಳು ಹಾಡಿದುದು ಸರಿಯಾದರೂ "ಹೂಂ", ತಪ್ಪಾದರೂ "ಹೂಂ". ಅದು ಮೆಚ್ಚಿಕೆಯೋ ಆಕ್ಷೇಪಣೆಯೋ ಎಂಬುದನ್ನು ನಾವೇ ಸಂದರ್ಭದಿಂದ ಊಹಿಸಿಕೊಳ್ಳಬೇಕಾಗಿದ್ದಿತು. ಮರುವರ್ಷವೇ ಅವರು ತೀರಿಕೊಂಡರು. ಅಕ್ಕಯ್ಯನಿಗೆ ಈಗ ಎಪ್ಪತ್ತು ದಾಟಿದೆ. ಆ ಕಂಠ ಈಗ ಇಲ್ಲ.

ಕ್ಯಾಸೆಟ್ಟನ್ನು ಹಾಕಿ ಕೇಳಿದರೆ ಹಾಡಿಗಿಂತ ಭೋರ್ಗರೆತವೇ ಹೆಚ್ಚು. ನಾಲ್ಕು ಮಿಲಿಮೀಟರೂ ಅಗಲವಿಲ್ಲದ ಆ ಪಟ್ಟಿ ಸೆಕೆಂಡಿಗೆ ಐದು ಸೆಂಟಿಮೀಟರಿಗಿಂತ ಕಡಮೆ ವೇಗದಲ್ಲಿ ತೆವಳುತ್ತದೆಯಾದುದರಿಂದ "ಸ್ಸ್" ಎಂಬ ಸದ್ದು ಅದಕ್ಕೆ ಹುಟ್ಟುಗುಣ. ನನ್ನ ಮಗನು ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಮಿಕ್ಸಿಂಗ್ ಕೆಲಸದಲ್ಲಿದ್ದಾನೆ. ಎಂದರೆ, ಬೇರೆಬೇರೆಯಾಗಿ ಮುದ್ರಿಸಿಕೊಂಡ ಗಾಯನ, ಪಿಟೀಲು, ಮೃದಂಗಗಳನ್ನು ಹದವರಿತು ಒಂದುಗೂಡಿಸುವುದು ಅವನ ಉದ್ಯೋಗ. "ಅಪ್ಪ, ನೀವು ಚಿಂತಿಸಬೇಡಿ. ಈಗ ಬಂದಿರುವ ಪ್ಲಗ್-ಇನ್‌ಗಳಿಂದ ಇದನ್ನು ನಿನ್ನೆ ಹಾಡಿದಂತೆ ಮಾಡಿಕೊಡುತ್ತೇನೆ" ಎಂದನು. ಅಕ್ಕಯ್ಯನಿಗೆ ಅದನ್ನು ಕಾಣಿಕೆಯಾಗಿ ಒಪ್ಪಿಸೋಣವೆಂದು ನಾನೂ ಹಿಗ್ಗಿದೆನು.

ಪ್ಲಗ್-ಇನ್ ಎಂದರೇನೆಂದು ಗೃಹಿಣಿಯರು ಕೇಳಿಯಾರು. ನಲ್ಲಿಯ ಬಾಯಿಗೆ ಸೋಸುಬಟ್ಟೆಯನ್ನು ಕಟ್ಟುತ್ತೀರಲ್ಲವೆ? ಹಾಗೆಯೇ, ಗಣಕಯಂತ್ರದಲ್ಲಿ ಹರಿದುಬರುವ ನಾದಕ್ಕೆ ನಡುವೆ ಕಟ್ಟುವ ಒಂದು ಸಣ್ಣ ತಂತ್ರಾಂಶವೇ ಪ್ಲಗ್-ಇನ್. ಒಂದು ಸೋಸುತ್ತದೆ, ಒಂದು ಶ್ರುತಿಯನ್ನು ಸರಿಪಡಿಸುತ್ತದೆ, ಒಂದು ಪ್ರತಿಧ್ವನಿಯನ್ನು ಕೂಡಿಸುತ್ತದೆ. ಮೊದಲು ಇವಕ್ಕೆಲ್ಲ ದೊಡ್ಡ ಸಲಕರಣೆಗಳೇ ಬೇಕಾಗಿದ್ದವು. 1947ರಲ್ಲಿ ಷಿಕಾಗೋ ನಗರದ ಬಿಲ್ ಪಟ್ನಮ್ ಎಂಬ ಧ್ವನಿತಜ್ಞನು ಒಂದು ಹಾರ್ಮೋನಿಕ ವಾದನಕ್ಕೆ ಗುಂಭವನ್ನು ತರಲು ಸ್ಟುಡಿಯೋದ ಸ್ನಾನದ ಕೋಣೆಯನ್ನೇ ಬಳಸಿದನು. 1957ರಲ್ಲಿ ಜರ್ಮನಿಯ ಇ.ಎಂ.ಟಿ. ಸಂಸ್ಥೆಯವರು ತೂಗುಹಾಕಿದ ಉಕ್ಕಿನ ತಗಡನ್ನು ಕಂಪಿಸಿ ಅದೇ ಪರಿಣಾಮವನ್ನು ಪಡೆಯುವ ಯಂತ್ರವನ್ನು ತಂದರು. ಅದರ ತೂಕ ಸುಮಾರು 270 ಕಿಲೋಗ್ರಾಂ. 1996ರಲ್ಲಿ ಹ್ಯಾಂಬರ್ಗಿನ ಸ್ಟೈನ್‌ಬರ್ಗ್ ಸಂಸ್ಥೆಯು, ಯಾರು ಬರೆದ ತಂತ್ರಾಂಶವಾದರೂ ತನ್ನ ಮುದ್ರಣವ್ಯವಸ್ಥೆಯೊಳಗೆ ಬಂದು ಕೂರುವಂತೆ ಒಂದು ಕಟ್ಟುಪಾಡನ್ನು ಏರ್ಪಡಿಸಿತು. ಅಂದಿನಿಂದ ಸ್ನಾನದ ಕೋಣೆಯೂ ಉಕ್ಕಿನ ತಗಡೂ ಮಡಿಲ ಮೇಲಣ ಗಣಕಯಂತ್ರದೊಳಕ್ಕೆ ಸೇರಿಹೋದವು.

ಮಗನು ಮೊದಲು ಸದ್ದನ್ನು ತೆಗೆದನು. ಹಳೆಯ ಕ್ರಮದಲ್ಲಿ, ಹಾಡಿಲ್ಲದ ಒಂದೆರಡು ಸೆಕೆಂಡುಗಳ ಬರಿಯ ಸದ್ದನ್ನು ಯಂತ್ರಕ್ಕೆ ಕೇಳಿಸಿ, ಅದೇ ಮಾದರಿಯದನ್ನು ಉದ್ದಕ್ಕೂ ಕಳೆಯುತ್ತಾರೆ. ಹೊಸ ಕ್ರಮದಲ್ಲಿ, ಸಾವಿರಾರು ಧ್ವನಿಮುದ್ರಣಗಳಿಂದ ಮನುಷ್ಯಕಂಠವೆಂದರೆ ಹೇಗಿರುತ್ತದೆಂಬುದನ್ನು ಅಭ್ಯಾಸಮಾಡಿದ ಯಂತ್ರವು ಕಂಠವನ್ನು ಒಂದೆಡೆಗೂ ಉಳಿದುದನ್ನು ಇನ್ನೊಂದೆಡೆಗೂ ಬೇರ್ಪಡಿಸುತ್ತದೆ. ಬೀಟಲ್ಸ್ ತಂಡದ ಜಾನ್ ಲೆನನ್ನನು 1970ರ ದಶಕದ ಕೊನೆಯಲ್ಲಿ ಮನೆಯಲ್ಲಿ ಪಿಯಾನೋ ಬಾರಿಸುತ್ತ ಕ್ಯಾಸೆಟ್ಟಿಗೆ ಹಾಡಿದ್ದ ಹಾಡೊಂದನ್ನು 1995ರಲ್ಲಿ ಅವನ ಸಂಗಡಿಗರು ಪೂರ್ತಿಮಾಡಹೊರಟು ಕೈಬಿಟ್ಟಿದ್ದರು. ಇಂತಹ ಯಂತ್ರವಿದ್ಯೆಯಿಂದ ಅವನ ಕಂಠವನ್ನು ಬೇರ್ಪಡಿಸಿ 2023ರ ನವೆಂಬರಿನಲ್ಲಿ ಅದನ್ನು ಪ್ರಕಟಿಸಿದರು. ಹಂಸಕ್ಷೀರನ್ಯಾಯವನ್ನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದ ನಾನು ಅಂತಹ ಹಂಸವನ್ನು ನೋಡಿದುದು ಅದೇ ಮೊದಲು.

ಎರಡನೆಯದು ಶ್ರುತಿಯನ್ನು ತಿದ್ದುವುದು. 1997ರಲ್ಲಿ ಆಟೋ-ಟ್ಯೂನ್ ಎಂಬ ತಂತ್ರಾಂಶವನ್ನು ಹೊರತಂದ ಆಂಡಿ ಹಿಲ್ಡೆಬ್ರಾಂಡ್ ಎಂಬಾತನು ಮೊದಲು ಭೂಮಿಯೊಳಗಿನ ತೈಲವನ್ನು ಹುಡುಕಲು ನೆಲದ ಕಂಪನಗಳನ್ನು ಲೆಕ್ಕಹಾಕುತ್ತಿದ್ದವನು. ಅದೇ ಬಗೆಯ ಗಣಿತವನ್ನು ಅವನು ಕಂಠಕ್ಕೆ ಹೊಂದಿಸಿದನು. ಹಾಡುಗಾರನ ಸ್ವರವು ಜಾರಿದರೆ ಯಂತ್ರವು ಅದನ್ನು ಹತ್ತಿರದ ಸ್ವರಸ್ಥಾನಕ್ಕೆ ಎಳೆದು ನಿಲ್ಲಿಸುತ್ತದೆ. 1998ರಲ್ಲಿ ಅಮೆರಿಕದ ಗಾಯಕಿ ಷೆರ್ ಇದನ್ನು ಬೇಕೆಂದೇ ಅತಿಯಾಗಿ ಬಳಸಿ ಹಾಡಿದ ಮೇಲೆ ಅದು ಲೋಕದಲ್ಲೆಲ್ಲ ಹಬ್ಬಿತು. ಮಗನು ಕುತೂಹಲಕ್ಕೆಂದು ಅದನ್ನು ಪೂರ್ಣವೇಗದಲ್ಲಿ ಅಕ್ಕಯ್ಯನ ತೋಡಿಯ ಮೇಲೆ ಹರಿಯಬಿಟ್ಟನು. ಅಯ್ಯೋ ಪಾಪ! ತೋಡಿಯ ಗಾಂಧಾರ ಒಂದೆಡೆ ನಿಲ್ಲುವ ಸ್ವರವೆ? ಮೇಲಕ್ಕೂ ಕೆಳಕ್ಕೂ ತೂಗುವುದೇ ಅದರ ಜೀವ. ಹದಿಮೂರನೆಯ ಶತಮಾನದ ಶಾರ್ಙ್ಗದೇವನು ತನ್ನ ಸಂಗೀತರತ್ನಾಕರದಲ್ಲಿ, ಕೇಳುವವರ ಚಿತ್ತಕ್ಕೆ ಸುಖವನ್ನೀಯುವ ಸ್ವರಕಂಪನವೇ ಗಮಕವೆಂದು ಹೇಳಿ ಅದರಲ್ಲಿ 15 ಬಗೆಗಳನ್ನು ಎಣಿಸಿದ್ದಾನೆ. ಯಂತ್ರಕ್ಕೆ ಅದೆಲ್ಲವೂ ತಪ್ಪಾಗಿಯೇ ಕಂಡಿತು. ಉಯ್ಯಾಲೆ ಇದ್ದ ಎಡೆಯಲ್ಲಿ ಅದು ಮೆಟ್ಟಿಲುಗಳನ್ನು ಕಟ್ಟಿಟ್ಟಿತು.

"ದೋಷ ಯಂತ್ರದ್ದಲ್ಲ ಅಪ್ಪ, ಬಳಸುವವನದು" ಎಂದು ಮಗನು ಅದನ್ನು ತೆಗೆದುಹಾಕಿದನು. ಬಳಿಕ ಮ್ಯೂನಿಕ್ ನಗರದಲ್ಲಿ ತಯಾರಾದ ಮೆಲೊಡೈನ್ ಎಂಬ ಇನ್ನೊಂದು ತಂತ್ರಾಂಶವನ್ನು ತೆರೆದು ತೋರಿಸಿದನು. ಅದರಲ್ಲಿ ಪ್ರತಿಯೊಂದು ಸ್ವರವೂ ಒಂದೊಂದು ಉಂಡೆಯಾಗಿ ಕಾಣುತ್ತದೆ. ಒಳಗಿನ ಕಂಪನವು ಸಣ್ಣ ಗೆರೆಯಾಗಿ ಹರಿಯುತ್ತದೆ. ಕಂಪನವನ್ನು ಮುಟ್ಟದೆ ಬೇಕಾದ ಒಂದೇ ಸ್ವರವನ್ನು ಮೇಲಕ್ಕೋ ಕೆಳಕ್ಕೋ ಸರಿಸಬಹುದು. ಅನುಪಲ್ಲವಿಯ ತಾರಷಡ್ಜದ ಮೇಲೆ ಬೆರಳಿಟ್ಟು, "ಇಲ್ಲೊಂದು ಕಡೆ ಮಾತ್ರ ಅತ್ತೆ ಸ್ವಲ್ಪ ಕೆಳಗೆ ನಿಂತಿದ್ದಾರೆ" ಎಂದನು. ಒಂದು ಸ್ಥಾಯಿಯನ್ನು 1200 ಸೆಂಟುಗಳಾಗಿ ಭಾಗಿಸುವುದು ಅವರ ಪದ್ಧತಿ. ಆಕೆಯದೇ ಮಧ್ಯಷಡ್ಜವನ್ನು ಆಧಾರವಾಗಿಟ್ಟುಕೊಂಡು ಅಳೆದರೆ ಕೊರತೆ ಸುಮಾರು 40 ಸೆಂಟು. "ತಿದ್ದಲೆ?" ಎಂದು ಕೇಳಿದನು. "ಬೇಡ" ಎಂದೆನು. ಕೆಂಪು ಮಸಿಯ ಮೇಷ್ಟರು "ಬೇಡ" ಎಂದುದು ನನಗೇ ಆಶ್ಚರ್ಯ.

ಮೂರನೆಯದು ಪ್ರತಿಧ್ವನಿ. ಹಾಡಿದ ಸ್ವರವು ಗೋಡೆ ಛಾವಣಿಗಳಿಗೆ ಸಾವಿರಾರು ಸಲ ತಾಕಿ ಕಿವಿಗೆ ಮರಳುತ್ತ ಕ್ರಮವಾಗಿ ಕ್ಷೀಣಿಸುವುದನ್ನು ನಮ್ಮ ಶಾಸ್ತ್ರದ ಮಾತಿನಲ್ಲಿ ಅನುರಣನವೆನ್ನಬಹುದು. ಘಂಟೆಯನ್ನು ಬಡಿದ ಮೇಲೆ ಉಳಿಯುವ ನಾದವನ್ನೇ ನಮ್ಮ ಆಲಂಕಾರಿಕರು ಕಾವ್ಯದ ಧ್ವನಿಗೆ ಹೋಲಿಕೆಯಾಗಿ ಹೇಳಿದರಲ್ಲವೆ? ಈಗಿನವರು ಯಾವ ಕಟ್ಟಡದ ಅನುರಣನವನ್ನಾದರೂ ಎತ್ತಿಕೊಂಡು ಬರಬಲ್ಲರು. ಕಟ್ಟಡದೊಳಗೆ ಒಂದು ಬೆಲೂನನ್ನು ಒಡೆದು, ಆ ಸಿಡಿತವು ಅಡಗುವ ಬಗೆಯನ್ನು ಮುದ್ರಿಸಿಕೊಂಡರಾಯಿತು. ಅದನ್ನು ಯಾವ ಹಾಡಿಗೆ ಬೇಕಾದರೂ ಗಣಿತದಿಂದ ಹೊಂದಿಸಬಹುದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು ಇಸ್ತಾಂಬುಲಿನ ಹಾಗಿಯಾ ಸೋಫಿಯಾದಲ್ಲಿ 2010ರಲ್ಲಿ ಹೀಗೆಯೇ ಮಾಡಿದರು. ಆಗ ವಸ್ತುಸಂಗ್ರಹಾಲಯವಾಗಿದ್ದ ಆ ಕಟ್ಟಡದಲ್ಲಿ ಹಾಡಲು ಅಪ್ಪಣೆಯಿರಲಿಲ್ಲ. ಅಲ್ಲಿ ಸದ್ದು ಅಡಗಲು ಹತ್ತು ಸೆಕೆಂಡುಗಳಿಗೂ ಹೆಚ್ಚು ಹಿಡಿಯುತ್ತದೆ. ಆ ಮುದ್ರಣದ ಬಲದಿಂದ ಕಪೆಲ್ಲ ರೊಮಾನ ಎಂಬ ಅಮೆರಿಕದ ಗಾಯಕವೃಂದವು ಪ್ರಾಚೀನ ಸ್ತೋತ್ರಗಳನ್ನು ಕ್ಯಾಲಿಫೋರ್ನಿಯದಲ್ಲಿಯೇ ಹಾಡಿ 2019ರಲ್ಲಿ ಪ್ರಕಟಿಸಿತು. ನಮ್ಮ ವಿಜಯಪುರದ ಗೋಳಗುಮ್ಮಟದಲ್ಲಿ ಒಂದು ಚಪ್ಪಾಳೆಗೆ ಹಲವು ಚಪ್ಪಾಳೆಗಳು ಮರುನುಡಿಯುವುದನ್ನು ವಿದ್ಯಾರ್ಥಿಗಳೊಡನೆ ಕೇಳಿ ಬಂದ ನನಗೆ ಇದು ಬೇಗನೆ ಅರ್ಥವಾಯಿತು. ಆದರೆ ಮಗನು ಅಕ್ಕಯ್ಯನ ಹಾಡಿಗೆ ದೊಡ್ಡದೊಂದು ಇಗರ್ಜಿಯ ಅನುರಣನವನ್ನು ಕೂಡಿಸಿದಾಗ, ಜೋಗುಳದಂತಿದ್ದ ಹಾಡು ಜಾತ್ರೆಯ ಹಾಡಾಯಿತು. ಆ ಸದ್ದಿಗೆ ಯಾವ ಕೂಸೂ ನಿದ್ದೆಹೋಗಲಾರದು. ಒಂದು ಹಳೆಯ ಹಜಾರದಷ್ಟು ಮಾತ್ರ ಉಳಿಸಲು ಹೇಳಿದೆನು.

ಹೀಗೆ ಸಿದ್ಧವಾದ ಹಾಡನ್ನು ತೆಗೆದುಕೊಂಡು ತಂದೆಮಕ್ಕಳಿಬ್ಬರೂ ಅಕ್ಕಯ್ಯನ ಊರಿಗೆ ಹೋದೆವು. ಆಕೆ ಕಣ್ಣುಮುಚ್ಚಿ ಕೇಳಿದಳು. ಮುಗಿದ ಮೇಲೆ, "ಚೆನ್ನಾಗಿದೆ ಕಣಪ್ಪ. ಆದರೆ ಅಪ್ಪ ಎಲ್ಲಿ?" ಎಂದಳು.

ನಮಗೆ ಮಾತು ತಿಳಿಯಲಿಲ್ಲ. "ಅನುಪಲ್ಲವಿಯಲ್ಲಿ ನಾನು ಷಡ್ಜವನ್ನು ಮುಟ್ಟಲಾರದೆ ಹೋದೆನಲ್ಲ, ಆಗ ಅಪ್ಪ ಜಗಲಿಯಿಂದ 'ಹೂಂ' ಅಂದರು. ನೀನು ಪಕ್ಕದಲ್ಲೇ ಕೂತಿದ್ದೆ, ನಿನಗೆ ನೆನಪಿಲ್ಲವೇನೋ?"

ನನಗೆ ನೆನಪಿರಲಿಲ್ಲ. ಮಗನು ತನ್ನ ಯಂತ್ರವನ್ನು ತೆರೆದು, ಬೇರ್ಪಡಿಸಿ ಇಟ್ಟಿದ್ದ "ಉಳಿದುದನ್ನು" ಮಾತ್ರ ಕೇಳಿಸಿದನು. ಹಾಡಿಲ್ಲ; ಮಳೆ, ತೊಟ್ಟಿಲ ಸರಪಣಿಯ ಕಿರುಗುಟ್ಟುವಿಕೆ, ಎಲ್ಲಿಯೋ ಒಂದು ಪಾತ್ರೆಯ ಸದ್ದು. ಅವುಗಳ ನಡುವೆ, ದೂರದಿಂದ, ಸ್ಪಷ್ಟವಾಗಿ, "ಹೂಂ." ನಮ್ಮ ತಂದೆಯವರ ಕಂಠ ಇನ್ನೆಲ್ಲಿಯೂ ಮುದ್ರಿತವಾಗಿಲ್ಲ. ಇದ್ದ ಒಂದೇ ಅಕ್ಷರವನ್ನು ಹಂಸವು ನೀರೆಂದು ಬಗೆದು ಬಿಟ್ಟುಬಿಟ್ಟಿದ್ದಿತು. ಮೂವರೂ ಅದನ್ನು ಐದಾರು ಸಲ ಕೇಳಿದೆವು.

ಅಕ್ಕಯ್ಯ ಬಹಳ ಹೊತ್ತು ಸುಮ್ಮನಿದ್ದು, ಬಳಿಕ ಹೇಳಿದಳು: "ಅವತ್ತು ಎದೆಯಲ್ಲಿ ಕಫ ಕಟ್ಟಿತ್ತು. ಇನ್ನೊಂದು ದಿನ ಸರಿಯಾಗಿ ಹಾಡಿ ಕೇಳಿಸೋಣ ಅಂದುಕೊಂಡೆ. ಆಮೇಲೆ ಗಂಡನ ಮನೆಗೆ ಹೋದೆ. ಅಷ್ಟರಲ್ಲಿ ಅವರೇ ಹೋಗಿಬಿಟ್ಟರು. ಮಗೂ, ಆ ಷಡ್ಜವನ್ನು ಸರಿಮಾಡೋಕೆ ನಿನ್ನ ಯಂತ್ರಕ್ಕೆ ಬರುತ್ತದೆಯೇ?"

ಪೂರ್ವದ ಸಹಜತೆ, ದೋಷದ ಸೊಬಗು ಎಂದೆಲ್ಲ ಉಪನ್ಯಾಸಮಾಡಲು ಸಿದ್ಧನಾಗಿದ್ದ ನನ್ನ ಬಾಯಿ ಕಟ್ಟಿತು. ತಪ್ಪು ನನ್ನದಲ್ಲ, ಅದನ್ನು ಸುಮಾರು ನಲವತ್ತು ವರ್ಷ ಹೊತ್ತವಳು ಆಕೆ. ಬೇಡವೆನ್ನಲು ನಾನು ಯಾರು? ಮಗನು ಸ್ವರವನ್ನು ಆ 40 ಸೆಂಟು ಮೇಲಕ್ಕೆ ಸರಿಸಿ, ಮಳೆಯನ್ನೂ ತೊಟ್ಟಿಲನ್ನೂ ತಾತನನ್ನೂ ಹಾಡಿನೊಡನೆ ಮತ್ತೆ ಸೇರಿಸಿದನು. ತಾರಷಡ್ಜ ನೆಟ್ಟಗೆ ಹೋಗಿ ನಿಂತಿತು. ಒಡನೆಯೇ ಜಗಲಿಯಿಂದ "ಹೂಂ."

ಅಕ್ಕಯ್ಯ ನಕ್ಕುಬಿಟ್ಟಳು, ಕಣ್ಣಿನಲ್ಲಿ ನೀರು. "ನೋಡಿದೆಯಾ, ಈಗ ಅಪ್ಪ ಒಪ್ಪಿಕೊಂಡರು!"

ನಿಜವೇ. ಆ ಒಂದಕ್ಷರದ ಅರ್ಥ ಅದರ ಹಿಂದಣ ಸ್ವರದಲ್ಲಿದ್ದಿತು. ಸ್ವರವನ್ನು ತಿದ್ದಿದೊಡನೆ ಆಕ್ಷೇಪಣೆ ಮೆಚ್ಚಿಕೆಯಾಯಿತು. ನಾವು ತಿದ್ದಿದುದು ಮಗಳ ಹಾಡನ್ನು. ಬದಲಾದುದು ತಂದೆಯ ಅಭಿಪ್ರಾಯ. ಅವರ ಅಪ್ಪಣೆಯನ್ನು ಪಡೆಯದೆ ಅವರ ಬಾಯಲ್ಲಿ ನಮ್ಮ ಮಾತನ್ನಿಟ್ಟಂತಾಯಿತಲ್ಲವೆ ಎಂದು ನನ್ನ ಮನಸ್ಸು ಅಳುಕಿತು. ಅದನ್ನು ಅಕ್ಕಯ್ಯನೇ ಪರಿಹರಿಸಿದಳು. "ಇದು ನನಗಿರಲಿ. ಆದರೆ ಮೊದಲಿನದನ್ನೂ ಅಳಿಸಬೇಡ. ಅವರು ನಿಜವಾಗಿ ಅಂದದ್ದು ಅದಕ್ಕೆ ತಾನೇ!"

ಪುಣೆಯ ಭಂಡಾರ್ಕರ್ ಸಂಸ್ಥೆಯವರು ಮಹಾಭಾರತವನ್ನು ಸಂಶೋಧಿಸಿ ಅಚ್ಚುಹಾಕಿದಾಗ ತಾವು ಸಾಧುವೆಂದು ನಿರ್ಣಯಿಸಿದ ಪಾಠವನ್ನು ಮೇಲೆ ಕೊಟ್ಟು, ಬಿಟ್ಟ ಪಾಠಾಂತರಗಳನ್ನೆಲ್ಲ ಅಡಿಯಲ್ಲಿ ಉಳಿಸಿದರು. ಸಂಪಾದಕನ ಧರ್ಮವೇ ಅದು: ತಿದ್ದಬಹುದು, ಆದರೆ ಏನನ್ನು ತಿದ್ದಿದೆನೆಂಬುದನ್ನು ಮರೆಯಿಸಬಾರದು. ಪ್ಲಗ್-ಇನ್ನಿನ ದೊಡ್ಡ ಗುಣವೂ ಅದೇ ಎಂದು ಮಗನು ಹೇಳುತ್ತಾನೆ. ಕೆಂಪು ಮಸಿಯಂತೆ ಅದು ಮೂಲದ ಮೇಲೆ ಬೀಳುವುದಿಲ್ಲ. ಸೋಸುಬಟ್ಟೆಯನ್ನು ಬಿಚ್ಚಿದರೆ ಮೊದಲಿನ ನೀರು ಮೊದಲಿನಂತೆಯೇ ಹರಿಯುತ್ತದೆ. ಆದರೆ ಸೋಸಿದುದನ್ನು ಮಾತ್ರ ಕೊಡದಲ್ಲಿ ತುಂಬಿಟ್ಟು ನಲ್ಲಿಯನ್ನು ಮುಚ್ಚಿಬಿಟ್ಟರೆ ಆ ಗುಣದಿಂದ ಪ್ರಯೋಜನವಿಲ್ಲ. ಕ್ಯಾಸೆಟ್ಟುಗಳು ವರ್ಷೇವರ್ಷೇ ಸವೆಯುತ್ತಿವೆ. ಮನೆಯಲ್ಲಿ ಹಿರಿಯರ ಕಂಠವಿರುವ ಪಟ್ಟಿಗಳುಳ್ಳವರು ಮೊದಲು ಅವನ್ನು ಏನೂ ತಿದ್ದದೆ, ಸದ್ದುಗದ್ದಲಗಳ ಸಹಿತವಾಗಿ, ಗಣಕಯಂತ್ರಕ್ಕೆ ಇಳಿಸಿ ಭದ್ರಪಡಿಸಲಿ; ಅನಂತರ ಬೇಕಾದಂತೆ ಸಿಂಗರಿಸಿಕೊಳ್ಳಲಿ.

ಅಕ್ಕಯ್ಯನ ಮೊಬೈಲಿನಲ್ಲಿ ಈಗ ಎರಡು ಹಾಡುಗಳಿವೆ. ಸಂಜೆ ದೀಪ ಹಚ್ಚಿದ ಮೇಲೆ ಆಕೆ ತಿದ್ದಿದುದನ್ನು ಕೇಳುತ್ತಾಳಂತೆ. ನಾನು ಮಾತ್ರ ಮನೆಯಲ್ಲಿ ಒಬ್ಬನೇ ಇರುವಾಗ ತಿದ್ದದ ಹಾಡನ್ನು ಹಾಕಿಕೊಳ್ಳುತ್ತೇನೆ. ಷಡ್ಜ ಜಾರುತ್ತದೆ, "ಹೂಂ" ಎನ್ನುತ್ತಾರೆ. ನನಗರಿಯದೆಯೇ ನೆಟ್ಟಗೆ ಕುಳಿತುಕೊಳ್ಳುತ್ತೇನೆ.