ಗ್ರಹಣದ ಲೆಕ್ಕ

ನಮ್ಮ ಸೀಮೆಯಲ್ಲಿ ಮಗುವಿನ ಮೈಯಲ್ಲಿ ಊನವೊಂದು ಕಂಡರೆ ಜನ ಮೊದಲು ಹುಡುಕುವುದು ವೈದ್ಯನನ್ನಲ್ಲ, ತಾಯಿಯ ತಪ್ಪನ್ನು. ಪಾಂಡವಪುರದ ಬಳಿ ನನ್ನ ಅಕ್ಕನ ಮನೆಯಲ್ಲಿ ಆದದ್ದೂ ಅದೇ. ಮೊಮ್ಮಗಳು ನಡೆಯಲು ಕಲಿತಾಗ ಬೆನ್ನು ಎಡಕ್ಕೆ ವಾಲಿದ್ದು ಕಂಡಿತು. "ಗ್ರಾಣದ ದಿನ ಈಳಿಗೆಮಣೆ ಮುಟ್ಬ್ಯಾಡ ಕಣವ್ವ ಅಂದೆ, ಕೇಳ್ನಿಲ್ಲ" ಎಂದಳು ಅಕ್ಕ. 2019ರ ಡಿಸೆಂಬರ್ 26ರ ಸೂರ್ಯಗ್ರಹಣ; ಸೊಸೆಗೆ ಆಗ ಐದನೆಯ ತಿಂಗಳು. ನಾಗಮಂಗಲದ ಆ ಹುಡುಗಿ ಈ ಮಾತನ್ನು ಕೇಳಿಕೊಂಡೇ ಮುದ್ದೆ ತಿರುವಿದಳು.

ಶ್ರೀರಂಗಪಟ್ಟಣದ ಗಂಜಾಂಗೆ ಹೋಗಿ ನಿಮಿಷಾಂಬೆಗೆ ಹರಕೆ ಹೊತ್ತದ್ದಾಯಿತು. ಕೆ.ಆರ್. ಪೇಟೆ ಕಡೆಯ ನಾಟಿ ವೈದ್ಯನ ಎಣ್ಣೆ ತಿಕ್ಕಿದ್ದೂ ಆಯಿತು. "ಬೆಳೀತಾ ಬೆಳೀತಾ ಸರಿಹೋಯ್ತದೆ" ಎಂದರು ಎಲ್ಲರೂ. ಬೆಂಗಳೂರಿನ ಶಸ್ತ್ರವೈದ್ಯರು ಎಕ್ಸ್‌ರೇ ಬೆಳಕಿಗೆ ಹಿಡಿದು ಹೇಳಿದ್ದು ಇದರ ತಿರುಗುಮುರುಗು. ಬೆನ್ನೆಲುಬಿನ ಒಂದು ಮಣಿ ಅರ್ಧವೇ ಮೂಡಿ, ಬೆಣೆಯಂತೆ ನಡುವೆ ಸಿಕ್ಕಿಕೊಂಡಿತ್ತು. ಮೂಳೆಯಿದ್ದ ಮಗ್ಗುಲು ಬೆಳೆಯುತ್ತದೆ, ಇಲ್ಲದ ಮಗ್ಗುಲು ಬೆಳೆಯದು. ಮಗು ಬೆಳೆದಷ್ಟೂ ಗೂನು ಬೆಳೆಯುತ್ತದೆ. ಎಲ್ಲ ಮಕ್ಕಳಲ್ಲೂ ಹೀಗಾಗದಂತೆ. ಇವಳದು ಮಾತ್ರ ಪ್ರತಿ ಚಿತ್ರಕ್ಕೂ ಹೆಚ್ಚುತ್ತಿತ್ತು. ಪಟ್ಟಿ ಕಟ್ಟಿ ತಡೆಯುವಂಥದಲ್ಲ.

ಹೃದಯಕ್ಕೂ ಮೂತ್ರಪಿಂಡಕ್ಕೂ ಸ್ಕ್ಯಾನ್ ಬರೆದಾಗ ಅಕ್ಕ ರೇಗಿದಳು: "ಬೆನ್ನು ತೋರ್ಸಕ್ ಬಂದ್ರೆ ಎದೆ ಯಾಕೆ ಸ್ವಾಮಿ?"

"ಇವೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ರೂಪುಗೊಳ್ಳುತ್ತವೆ ಅಮ್ಮ. ಒಂದು ಕೆಟ್ಟರೆ ಇನ್ನೊಂದನ್ನೂ ನೋಡಬೇಕು. ಬೆನ್ನುಮೂಳೆಯ ಅಚ್ಚು ಬೀಳುವುದು ಗರ್ಭ ನಿಂತ ಮೊದಲ ಆರು ವಾರಗಳಲ್ಲಿ. ಎಷ್ಟೋ ತಾಯಂದಿರಿಗೆ ಆಗಿನ್ನೂ ಬಸುರೆಂದೇ ತಿಳಿದಿರುವುದಿಲ್ಲ."

ಸೊಸೆ ಸೆರಗಿನ ಮರೆಯಲ್ಲಿ ಬೆರಳು ಮಡಿಸಿ ತಿಂಗಳು ಎಣಿಸುತ್ತಿದ್ದಳು. ಎರಡು ಸಲ ಎಣಿಸಿದಳು. ಅತ್ತೆಗೆ ಏನೂ ಹೇಳಲಿಲ್ಲ.

ಅರ್ಧಮಣಿಯನ್ನು ತೆಗೆದು, ಮೇಲಿನ ಕೆಳಗಿನ ಮಣಿಗಳನ್ನು ತಿರುಪು ಸರಳುಗಳಿಂದ ಬಿಗಿದು ಬೆಸೆಯಬೇಕು. ಬೆಸೆದಷ್ಟು ಭಾಗ ಮುಂದೆ ಬೆಳೆಯದು. ತಡಮಾಡಿದರೆ ಇನ್ನೂ ಹೆಚ್ಚು ಮಣಿಗಳನ್ನು ಬೆಸೆಯಬೇಕಾದೀತು. ಪಕ್ಕದಲ್ಲೇ ಮಿದುಳುಬಳ್ಳಿ, ಅದಕ್ಕೆ ಪೆಟ್ಟಾದರೆ ಕಾಲಿನ ಬಲ ಹೋದೀತು. ಒಪ್ಪಿಗೆಯ ಕಾಗದದ ಮುಂದೆ ಅಕ್ಕನ ಮಗನ ಕೈ ಹಿಂಜರಿಯಿತು. ಸೊಸೆಯೇ ಪೆನ್ನು ತೆಗೆದುಕೊಂಡು ರುಜು ಹಾಕಿದಳು.

ಭಾಗವತದ ಕೃಷ್ಣ ಕುಬ್ಜೆಯ ಪಾದ ಮೆಟ್ಟಿ, ಗಲ್ಲಕ್ಕೆ ಎರಡು ಬೆರಳು ಕೊಟ್ಟೆತ್ತಿ, ಕ್ಷಣದಲ್ಲಿ ನೆಟ್ಟಗೆ ಮಾಡಿದ. 2024ರ ಬೇಸಗೆಯ ಆ ದಿನ ಇವರಿಗೆ ಐದು ಗಂಟೆ ಹಿಡಿಯಿತು. ಒಳಗೆ ನರಗಳ ಸಂಕೇತವನ್ನು ಯಂತ್ರವೊಂದು ಎಡೆಬಿಡದೆ ಕಾಯುತ್ತಿತ್ತಂತೆ; ಹೊರಗೆ ನಾವು ಬಾಗಿಲು ಕಾಯುತ್ತಿದ್ದೆವು. ಎಚ್ಚರವಾದಾಗ ವೈದ್ಯರು "ಕಾಲ್ಬೆರಳು ಆಡಿಸು ಪುಟ್ಟಿ" ಎಂದರು. ಆಡಿಸಿದಳು.

ಬೆಳವಣಿಗೆ ಮುಗಿಯುವವರೆಗೂ ಆಗಾಗ ತೋರಿಸಬೇಕು. ಈಚೆಗೆ ಹೋಗಬೇಕಾದ ದಿನ ಅಮಾವಾಸ್ಯೆ ಎಂದು ಯಾರೋ ನೆನಪಿಸಿದರು. ಸೊಸೆ ಅತ್ತೆಯ ಮುಖ ನೋಡಿದಳು.

"ಆಸ್ಪತ್ರೆಗೆ ಅಮಾಸೆ ಏನ್ ಬಂತು? ಹೊರಡು ಮಗ" ಎಂದಳು ಅಕ್ಕ.